ಕೈಮುಗಿಯುವ ಅರ್ಜಿಯಿಂದ ಹಕ್ಕಿನ ಅರ್ಜಿಗೆ

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆ ಆರಂಭವಾಗುವ ಮೊದಲು ತಾಯಿಯೊಬ್ಬರು ನನ್ನಲ್ಲಿ ಕೇಳಿದರು: "ಮಾಷ್ಟ್ರೇ, ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದರೆ ತೆಗೆದುಕೊಳ್ಳುತ್ತಾರಾ? ವಾಪಸು ಕೊಟ್ಟರೆ ಏನು ಮಾಡುವುದು?" ಇವತ್ತಿನ ನನ್ನ ಮಾತೆಲ್ಲ ಅವರಿಗೆ ಉತ್ತರ. ಆದರೆ ಉತ್ತರವನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗಿದೆ. ಬೇಸರಿಸಬಾರದು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ನಮ್ಮ ಕಾಸರಗೋಡು ಆ ಜಿಲ್ಲೆಯ ದಕ್ಷಿಣದ ಅಂಚು. ಅಂದು ಜನರ ಪಾಲಿಗೆ ಕಲೆಕ್ಟರನೇ ಸರಕಾರ. ಕಂದಾಯ ವಸೂಲಿ ಅವನದೇ, ದೂರು ಕೇಳುವ ಅಧಿಕಾರವೂ ಅವನದೇ. ರೈತ ಅರ್ಜಿ ಕೊಡಬಹುದಿತ್ತು. ಫಲ ಸಿಗುವುದು ಮಾತ್ರ ದೊರೆಯ ದಯೆ. 1830-31ರಲ್ಲಿ ಕಂದಾಯದ ಹೊರೆ ತಾಳಲಾರದೆ ಕೆನರಾದ ರೈತರು ಊರೂರಲ್ಲಿ ಕೂಟ ಸೇರಿದರು, ಅರ್ಜಿ ಬರೆದರು, ಕಂದಾಯ ಕಟ್ಟುವುದಿಲ್ಲವೆಂದು ಕುಳಿತರು. ಕಾಸರಗೋಡು, ಕುಂಬಳೆ, ಮಂಜೇಶ್ವರದ ರೈತರೂ ಅದರಲ್ಲಿದ್ದರು. ಒಬ್ಬನ ಅರ್ಜಿಗೂ ಊರಿನ ಅರ್ಜಿಗೂ ಇರುವ ವ್ಯತ್ಯಾಸವನ್ನು ನಮ್ಮ ಹಿರಿಯರು ಆಗಲೇ ಅರಿತಿದ್ದರು.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ನಾವು ದಕ್ಷಿಣ ಕನ್ನಡದೊಂದಿಗೆ ಮದ್ರಾಸಿನಲ್ಲೇ ಉಳಿದೆವು. 1919ರ ಕಾಯಿದೆಯಿಂದ ಮದ್ರಾಸು ಶಾಸನ ಸಭೆಗೆ ಹೆಚ್ಚು ಮಂದಿ ಚುನಾಯಿತರಾಗಿ ಬಂದರು. ಆದರೆ ಆಸ್ತಿ, ತೆರಿಗೆಯ ಲೆಕ್ಕ ನೋಡಿ ಮತ ಕೊಡುತ್ತಿದ್ದ ಕಾಲವದು. ಗೇಣಿದಾರನಿಗೂ ಧಣಿಗೂ ಒಂದೇ ಮತವೆಂಬುದು ನಿಜವಾದದ್ದು ಸಂವಿಧಾನ ಬಂದ ಮೇಲೆ, 1951-52ರ ಮಹಾ ಚುನಾವಣೆಯಲ್ಲಿ.

ನಾವೀಗ ಇರುವ ಕೇರಳವೂ ಅರ್ಜಿಗಳ ಮೂಲಕ ಬೆಳೆದ ನಾಡೇ. ತಿರುವಿತಾಂಕೂರಿನಲ್ಲಿ 1888ರಲ್ಲೇ ಶಾಸನ ಸಭೆ ಏರ್ಪಟ್ಟಿತ್ತು. ದೇಶೀಯ ಸಂಸ್ಥಾನಗಳಲ್ಲಿ ಅದೇ ಮೊದಲು. ಆದರೂ ಸರಕಾರಿ ನೌಕರಿಯಲ್ಲಿ ತಮಗೂ ಪಾಲು ಬೇಕೆಂದು 1891ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿ ಮಹಾರಾಜರಿಗೆ 'ಮಲಯಾಳಿ ಮೆಮೋರಿಯಲ್' ಸಲ್ಲಿಸಬೇಕಾಯಿತು. 1896ರಲ್ಲಿ ಡಾ. ಪಲ್ಪು ಅವರ ಮುಂದಾಳುತನದಲ್ಲಿ ಈಳವರು ತಮ್ಮ ಮಕ್ಕಳಿಗೆ ಸರಕಾರಿ ಶಾಲೆ, ನೌಕರಿಗಳ ಬಾಗಿಲು ತೆರೆಯಿರೆಂದು ಇನ್ನೊಂದು ಅರ್ಜಿ ಕೊಟ್ಟರು. ಆ ಬಾಗಿಲು ಒಂದೇ ದಿನದಲ್ಲಿ ತೆರೆಯಲಿಲ್ಲ. ಅವರು ತಟ್ಟುವುದನ್ನು ನಿಲ್ಲಿಸಲಿಲ್ಲ.

ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯಂತೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹಿರಿಯರು ಅದನ್ನು ಒಪ್ಪಲಿಲ್ಲ. 1957ರ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ಗಡಿಯ ಚರ್ಚೆ ಏನೇ ಇರಲಿ, ಒಂದನೇ ತರಗತಿಯ ಮಗು ಅದಕ್ಕಾಗಿ ಕಾಯಲಾರದು.

ಹೊಸ ರಾಜ್ಯಗಳು ಹುಟ್ಟಿದ ಅದೇ ದಿನ ಸಂವಿಧಾನದ ಏಳನೇ ತಿದ್ದುಪಡಿಯಿಂದ ಎರಡು ವಿಧಿಗಳೂ ಜಾರಿಗೆ ಬಂದವು. 350ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು. 350ಬಿ ವಿಧಿಯಂತೆ ಇದನ್ನು ಗಮನಿಸಿ ರಾಷ್ಟ್ರಪತಿಗೆ ವರದಿ ಕೊಡಲು ವಿಶೇಷ ಅಧಿಕಾರಿ ಇರಬೇಕು. ಭಾಷಾ ಅಲ್ಪಸಂಖ್ಯಾತರ ಆಯುಕ್ತರೆಂದರೆ ಅವರೇ. ಇನ್ನು 30ನೇ ವಿಧಿ ನಮ್ಮ ಇಷ್ಟದ ಶಾಲೆ ತೆರೆದು ನಡೆಸುವ ಹಕ್ಕು ಕೊಡುತ್ತದೆ. ಕೇರಳ ಶಿಕ್ಷಣ ಮಸೂದೆಯ ಬಗ್ಗೆ ಸುಪ್ರೀಂ ಕೋರ್ಟ್ 1958ರಲ್ಲಿ ಅಭಿಪ್ರಾಯ ಕೊಟ್ಟಾಗ, ರಾಜ್ಯದ ಕಾಯಿದೆಯ ಮಟ್ಟಿಗೆ ಅಲ್ಪಸಂಖ್ಯಾತರು ಯಾರೆಂದು ಆ ರಾಜ್ಯದ ಜನಸಂಖ್ಯೆಯಿಂದಲೇ ಎಣಿಸಬೇಕೆಂದಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದ ತೀರ್ಪೂ ರಾಜ್ಯವಾರು ಲೆಕ್ಕವನ್ನೇ ಎತ್ತಿ ಹಿಡಿಯಿತು. ಹಾಗಾಗಿ "ನಿಮಗೆ ಕರ್ನಾಟಕವಿದೆಯಲ್ಲ" ಎಂಬ ಮಾತಿಗೆ ಕಾನೂನಿನ ಬಲವಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. 350ನೇ ವಿಧಿ ಏನು ಹೇಳುತ್ತದೆ? ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ, ಯಾರು ಬೇಕಾದರೂ ಮನವಿ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರ ಪತ್ರಗಳಿಗೆ ಅವರ ಭಾಷೆಯಲ್ಲೇ ಉತ್ತರ ಹೋಗಬೇಕೆಂದು ವಿಧಿಸಿತು. ಆದ್ದರಿಂದ ಅಮ್ಮಾ, ನೀವು ಕನ್ನಡದಲ್ಲೇ ಬರೆಯಿರಿ. ಕೊಟ್ಟದ್ದಕ್ಕೆ ರಶೀದಿ ಕೇಳಿರಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ಪ್ರತಿಯೊಂದನ್ನು ಇಟ್ಟುಕೊಳ್ಳಿರಿ. ಕನ್ನಡ ಅರಿಯದ ಅಧ್ಯಾಪಕರು ಕನ್ನಡ ತರಗತಿಗೆ ಬಂದರೆ ಒಬ್ಬೊಬ್ಬರೇ ಗೊಣಗುವುದು ಬೇಡ. ಸಂಘದ ಸಭೆ ಕರೆದು ಎಲ್ಲರೂ ಸಹಿ ಹಾಕಿ ಉಪಜಿಲ್ಲಾ ವಿದ್ಯಾಧಿಕಾರಿಗೆ ಬರೆಯಿರಿ, ಒಂದು ಪ್ರತಿ ಆಯುಕ್ತರಿಗೂ ಹೋಗಲಿ.

ಕೊನೆಯ ಮಾತು ಕಚೇರಿಯವರಿಗಲ್ಲ, ನಮಗೇ. 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು ಒಂದು ಸೂತ್ರ ಒಪ್ಪಿದ್ದರು: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕು. ಇಂದಿಗೂ ಲೆಕ್ಕವೇ ಮುಖ್ಯ. ನಮ್ಮಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ಎಣಿಕೆಯಾಗುತ್ತದೆ. ಡಿವಿಷನ್ ಉಳಿಯುವುದೂ ಹುದ್ದೆ ಹೋಗುವುದೂ ಅದರಿಂದಲೇ. ಸಂವಿಧಾನ ಸೌಕರ್ಯ ಕೊಡಿಸಬಹುದು, ಬೆಂಚಿನಲ್ಲಿ ಮಗುವನ್ನು ಕೂರಿಸಲಾರದು. ಅದು ನಿಮ್ಮ ಕೈಯಲ್ಲಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ, ತಾಳವಾಡಿಯಲ್ಲಿ ಇದನ್ನು ಓದುವ ಹೆತ್ತವರೇ, ನಿಮ್ಮ ರಾಜ್ಯದ ಕಾಯಿದೆ ಬೇರೆ ಇರಬಹುದು. ಸಂವಿಧಾನದ ಈ ವಿಧಿಗಳು ನಿಮ್ಮವೂ ಹೌದು. ಕಂಪೆನಿಯ ಕಾಲದಲ್ಲಿ ನಮ್ಮ ಹಿರಿಯರು ಕೈಮುಗಿದು ಅರ್ಜಿ ಕೊಟ್ಟರು. ನಾವು ಸಹಿ ಹಾಕಿ ಕೊಡೋಣ.