ಸಂಶಯಕ್ಕೂ ತಕ್ಕಡಿ ಬೇಕು



ಜಾತ್ರೆಯ ರಾತ್ರಿ ಗುಡಿಯ ಅಂಗಳದಲ್ಲಿ ಕುಳಿತ ಮಕ್ಕಳು ಆಕಾಶ ನೋಡಿ, ಇದೆಲ್ಲ ಯಾವಾಗ ಹುಟ್ಟಿತೆಂದು ಕೇಳುತ್ತಾರೆ. ಸುಮಾರು 1380 ಕೋಟಿ ವರ್ಷಗಳ ಹಿಂದೆ, ಮಹಾಸ್ಫೋಟದಿಂದ ಎನ್ನುತ್ತದೆ ವಿಜ್ಞಾನ. "ನೋಡಿದವರು ಯಾರು? ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ" ಎಂದು ದೊಡ್ಡವರು ಮಾತು ಮುಗಿಸುವುದುಂಟು. ಹಾಗೆ ಒಪ್ಪದೆ ಉಳಿದ ವಿಜ್ಞಾನಿಗಳಲ್ಲಿ ಮಹಾರಾಷ್ಟ್ರದವರೇ ಆದ ಡಾ. ಜಯಂತ ನಾರಳೀಕರರ ಹೆಸರು ದೊಡ್ಡದು. ಅವರು ಹೇಗೆ ಸಂಶಯಪಟ್ಟರೆಂಬುದನ್ನು ತಿಳಿಯುವುದು ಒಳ್ಳೆಯದು.

ಕೊಲ್ಹಾಪುರದಲ್ಲಿ 1938ರಲ್ಲಿ ಜನಿಸಿದ ನಾರಳೀಕರರು ಕಾಶಿಯಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾದರು. ವಿಶ್ವಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಅದು ಹಿಗ್ಗಿದಂತೆ ಹೊಸ ದ್ರವ್ಯ ಹುಟ್ಟುತ್ತಿರುತ್ತದೆ ಎಂಬುದು ಗುರುಗಳ ಮತ. ಶಿಷ್ಯರು ಅದಕ್ಕೆ ಗಣಿತದ ಬಲ ಕೊಟ್ಟರು. ಆದರೆ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಮಂದವಾದ ಸೂಕ್ಷ್ಮತರಂಗಗಳ ಸುದ್ದಿ 1965ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಇದು ಮಹಾಸ್ಫೋಟದ ಕಾವು ಆರಿ ಉಳಿದ ಶೇಷವೆಂದು ಹೆಚ್ಚಿನ ವಿದ್ವಾಂಸರು ಒಪ್ಪಿದರು.

ನಾರಳೀಕರರು ಮಹಾಸ್ಫೋಟವನ್ನು ಒಪ್ಪಲಿಲ್ಲ. ಹಾಗೆಂದು ಆ ಅಳತೆಯನ್ನು ಸುಳ್ಳೆನ್ನಲೂ ಇಲ್ಲ. 1993ರಲ್ಲಿ ಹಾಯ್ಲ್ ಮತ್ತು ಬರ್ಬಿಜ್ ಅವರೊಡನೆ ತಮ್ಮ ಮತವನ್ನೇ ತಿದ್ದಿದರು. ವಿಶ್ವ ಹಿಗ್ಗುತ್ತ ಕುಗ್ಗುತ್ತ ಸಾಗುತ್ತದೆ. ಹಳೆಯ ನಕ್ಷತ್ರಗಳ ಬೆಳಕನ್ನು ಕಬ್ಬಿಣದ ಅತಿಸಣ್ಣ ಕಣಗಳು ಹೀರಿ ಹೊರಬಿಟ್ಟದ್ದೇ ಆ ತರಂಗ ಎಂದು ಲೆಕ್ಕ ಒಪ್ಪಿಸಿದರು. ಸಾಕ್ಷ್ಯದ ತೂಕ ಇಂದಿಗೂ ಮಹಾಸ್ಫೋಟದ ಕಡೆಗೇ ಇದೆ. ಆದರೂ ಲೆಕ್ಕವಿಲ್ಲದೆ ಅವರು ವಾದಿಸಲಿಲ್ಲ.

ಜಾತಕವನ್ನೂ ಅವರು ಇದೇ ತಕ್ಕಡಿಯಲ್ಲಿಟ್ಟರು. 2009ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 27 ಜ್ಯೋತಿಷಿಗಳು ತಲಾ 40 ಜಾತಕ ನೋಡಿ, ಯಾವುದು ಜಾಣ ಮಗುವಿನದು, ಯಾವುದು ಬುದ್ಧಿಮಾಂದ್ಯ ಮಗುವಿನದು ಎಂದು ಹೇಳಬೇಕಿತ್ತು. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿ ಹೇಳಿದ್ದರೂ 50ರ ಹತ್ತಿರ ಬರುತ್ತಿತ್ತು. ಭಕ್ತರಿಗೆ ಇದು ಕಹಿಯೆನಿಸಬಹುದು. ಆದರೆ ಮಹಾಸ್ಫೋಟಕ್ಕೆ ಸಾಕ್ಷಿ ಕೇಳುವವರು, ಮದುವೆಗೆ ಜಾತಕ ಕೂಡಿಸುವಾಗಲೂ ಸಾಕ್ಷಿ ಕೇಳಬೇಕಲ್ಲವೇ? ಕೊಳ್ಳಲು ಒಂದು ತೂಕ, ಮಾರಲು ಇನ್ನೊಂದು ತೂಕ ಇಡುವುದು ಧರ್ಮವಲ್ಲ. ದೇವರ ಮೇಲಿನ ಭಕ್ತಿಗೆ ಇದರಿಂದ ಕುಂದೂ ಇಲ್ಲ.

ನಾರಳೀಕರರು 2025ರ ಮೇ 20ರಂದು ಪುಣೆಯಲ್ಲಿ ನಿಧನರಾದರು. ಅವರು ಮರಾಠಿಯಲ್ಲಿ ಬರೆದ ವಿಜ್ಞಾನ ಕಥೆಗಳಿವೆ. ಭಂಡಾರಕವಠೆಯ ಮಕ್ಕಳಿಗೆ ಕನ್ನಡದೊಡನೆ ಮರಾಠಿಯೂ ಬರುತ್ತದೆ, ಅವನ್ನು ಓದಿಸಿರಿ. ಮಗು ಆಕಾಶ ನೋಡಿ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸದಿರಿ. ಉತ್ತರವನ್ನು ತೂಗಿ ನೋಡಲು ಕಲಿಸಿರಿ.