ಎಣಿಕೆಯೂ ಹಿರಿಮೆಯೂ

ವಿದ್ವಾಂಸನ ಯೋಗ್ಯತೆಯನ್ನು ಎಣಿಕೆಯಿಂದ ಅಳೆಯಬಹುದೇ? ಅಮೆರಿಕಾ ದೇಶದ ಜೀವರಸಾಯನ ಶಾಸ್ತ್ರಜ್ಞರಾದ ಆಲಿವರ್ ಲೌರಿಯವರು ಮೂವರು ಸಹೋದ್ಯೋಗಿಗಳೊಡನೆ 1951ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ದ್ರವದಲ್ಲಿರುವ ಪ್ರೋಟೀನಿಗೆ ತಾಮ್ರದ ಲವಣವನ್ನೂ ಫೋಲಿನ್ ದ್ರಾವಣವನ್ನೂ ಬೆರೆಸಿ, ಮೂಡುವ ನೀಲವರ್ಣದ ಗಾಢತೆಯಿಂದ ಅದರ ಪ್ರಮಾಣವನ್ನರಿಯುವ ಕ್ರಮವೇ ಅದರ ವಿಷಯ. 2014ರ ವೇಳೆಗೆ ಇತರ ಸಂಶೋಧಕರು ತಮ್ಮ ಬರಹಗಳಲ್ಲಿ ಅದನ್ನು 3,00,000ಕ್ಕೂ ಹೆಚ್ಚು ಸಲ ಉಲ್ಲೇಖಿಸಿದ್ದರು. ಅಷ್ಟು ಉಲ್ಲೇಖ ಪಡೆದ ವಿಜ್ಞಾನ ಲೇಖನವು ಅಂದು ಮತ್ತೊಂದಿರಲಿಲ್ಲ.

ಆದರೂ ಲೌರಿಯವರು ಅದನ್ನು ಮಹತ್ಕೃತಿಯೆಂದು ಭಾವಿಸಲಿಲ್ಲ. ಪ್ರಯೋಗಶಾಲೆಗೆ ನಿತ್ಯವೂ ಬೇಕಾದ ಅಳತೆಗೋಲಾದುದರಿಂದಲೇ ಅದಕ್ಕೆ ಆ ಸಂಖ್ಯೆಯು ಒದಗಿತು. ಬಳಕೆ ಎಷ್ಟೆಂಬುದನ್ನು ಎಣಿಕೆ ಹೇಳೀತು; ಅರಿವಿನ ಆಳವನ್ನು ಹೇಳಲಾರದು. ಆದುದರಿಂದ ವಿದ್ವಾಂಸರನ್ನು ಪರೀಕ್ಷಿಸುವವರು ಸಂಖ್ಯೆಯಲ್ಲಿಯೇ ನಿಲ್ಲದೆ, ಅವರ ಬರಹವನ್ನು ತೆರೆದು ಓದತಕ್ಕದ್ದು.