ನೋವರಿಯದ ಚರ್ಮದ ಆರೈಕೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಆರೋಗ್ಯ ಸಭೆಯಲ್ಲಿ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣ)



ಹಬ್ಬದ ಸಂಭ್ರಮದ ನಡುವೆ ಕುಷ್ಠರೋಗದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಆದರೆ ನಮ್ಮ ಕರಾವಳಿಯ ಧರ್ಮಸಭೆಯ ಚರಿತ್ರೆಯಿಂದ ಈ ರೋಗಿಗಳನ್ನು ಬೇರ್ಪಡಿಸುವಂತಿಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯವನ್ನು ಕಟ್ಟಿದರು. ಮೊಲೊಕಾಯಿ ದ್ವೀಪದಲ್ಲಿ ಸಂತ ದಮಿಯಾನರು ಅದೇ ರೋಗದಿಂದ ತೀರಿಕೊಂಡು ಆಗಿನ್ನೂ ಒಂದು ವರ್ಷವಾಗಿತ್ತಷ್ಟೆ. ರೋಗವನ್ನು ನಿರ್ಮೂಲಗೊಳಿಸುವ ಮದ್ದು ಅಂದು ಯಾರ ಬಳಿಯೂ ಇರಲಿಲ್ಲ. ಹುಣ್ಣು ತೊಳೆಯುವುದು, ಬಟ್ಟೆ ಕಟ್ಟುವುದು, ಅನ್ನ ನೀಡುವುದು, ಇಷ್ಟೇ ಅಂದಿನವರ ಕೈಯಲ್ಲಿದ್ದ ಚಿಕಿತ್ಸೆ.

ಇಂದು ಮದ್ದಿದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹು ಔಷಧಿ ಚಿಕಿತ್ಸೆಯನ್ನು ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು ಕೊಡುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣ ತೆರಬೇಕಿಲ್ಲ. ಔಷಧಿ ಆರಂಭಿಸಿದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ. ಆದರೆ ಈ ಮದ್ದು ಕ್ರಿಮಿಯನ್ನು ಕೊಲ್ಲಬಲ್ಲದೇ ಹೊರತು ಸತ್ತ ನರವನ್ನು ಬದುಕಿಸಲಾರದು. ಗುಣವಾದ ಮನುಷ್ಯನೂ ಮರಗಟ್ಟಿದ ಪಾದಗಳೊಡನೆಯೇ ಮನೆಗೆ ಮರಳಬೇಕಾಗಬಹುದು. ಶುಶ್ರೂಷೆಯ ಕೆಲಸ ಮುಗಿದಿಲ್ಲವೆಂದು ನಾನು ಹೇಳುವುದು ಇದಕ್ಕಾಗಿಯೇ.

ಕುಷ್ಠರೋಗದಲ್ಲಿ ಬೆರಳು ತಾನಾಗಿಯೇ ಕೊಳೆತು ಉದುರುತ್ತದೆಂಬುದು ಬಹು ಹಳೆಯ ನಂಬಿಕೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ರೋಗಿಗಳ ದಿನಚರಿಯನ್ನು ಪಟ್ಟು ಹಿಡಿದು ಗಮನಿಸಿ, ಈ ನಂಬಿಕೆ ಸುಳ್ಳೆಂದು ತೋರಿಸಿದರು. ಉರಿಯುವ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಿಂದ ಇಳಿಸುವುದು, ಮೊಳೆ ಎದ್ದ ಚಪ್ಪಲಿಯಲ್ಲಿ ದಿನವಿಡೀ ನಡೆಯುವುದು, ರಾತ್ರಿ ಮಲಗಿದ್ದಾಗ ಇಲಿ ಕಡಿದರೂ ಎಚ್ಚರವಾಗದಿರುವುದು: ಬೆರಳುಗಳು ಕಳೆದುಹೋಗುತ್ತಿದ್ದುದು ಹೀಗೆ. ನಮಗೆ ಪಾದದಲ್ಲಿ ಒಂದು ಮುಳ್ಳು ನಾಟಿದರೆ ಕುಂಟುತ್ತೇವೆ, ಆ ಕುಂಟುವಿಕೆಯೇ ಗಾಯಕ್ಕೆ ವಿಶ್ರಾಂತಿ. ನೋವಿಲ್ಲದವನು ಕುಂಟುವುದಿಲ್ಲ. ಅವನು ಗಾಯದ ಮೇಲೆಯೇ ನಡೆಯುತ್ತಾನೆ.

ಆದುದರಿಂದ ನೋವು ಮಾಡುತ್ತಿದ್ದ ಕೆಲಸವನ್ನು ಇನ್ನು ಕಣ್ಣು ಮಾಡಬೇಕು. ಸಂಜೆ ಕೆಲಸ ಮುಗಿದೊಡನೆ ಎರಡೂ ಪಾದಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಅಡಿ ಕಾಣದಿದ್ದರೆ ಕನ್ನಡಿ ಇಟ್ಟುಕೊಳ್ಳಬೇಕು, ಇಲ್ಲವೆ ಮನೆಯವರು ನೋಡಬೇಕು. ಕೆಂಪು, ಬಿಸಿ, ಬಾವು, ನೀರುಗುಳ್ಳೆ, ಬೆರಳ ಸಂದಿನ ಬಿರುಕು ಇವೇ ಮುನ್ನೆಚ್ಚರಿಕೆಗಳು. ನರ ಕೆಟ್ಟ ಚರ್ಮ ಬೆವರುವುದಿಲ್ಲ. ಒಣಗಿ ಗಡುಸಾಗಿ ಒಡೆಯುತ್ತದೆ. ಇದಕ್ಕೆ ದುಬಾರಿ ಮುಲಾಮು ಬೇಕಿಲ್ಲ. ತಣ್ಣೀರು ತುಂಬಿದ ಬೇಸಿನ್ನಿನಲ್ಲಿ ಸುಮಾರು 20 ನಿಮಿಷ ಪಾದಗಳನ್ನಿಟ್ಟು, ದಪ್ಪಗಟ್ಟಿದ ಭಾಗವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ತೇವ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರಬೇಕು. ಎಣ್ಣೆ ಆ ನೀರನ್ನು ಚರ್ಮದೊಳಗೆ ತಡೆದಿಡುತ್ತದೆ. ಒಣ ಕಾಲಿಗೆ ಎಣ್ಣೆ ಹಚ್ಚಿದರೆ ಹೆಚ್ಚು ಪ್ರಯೋಜನವಿಲ್ಲ. ಬಚ್ಚಲ ಹಂಡೆಯ ಬಿಸಿನೀರಂತೂ ಕೂಡದು. ಬ್ಲೇಡಿನಿಂದ ಆಣಿ ಕೊಯ್ಯುವ ನಮ್ಮವರ ಚಾಳಿಯೂ ಕೂಡದು.

ಚಪ್ಪಲಿಯ ಒಳ ಅಟ್ಟೆ ಮೆತ್ತಗೆ, ಹೊರ ಅಟ್ಟೆ ಗಟ್ಟಿ, ಹಿಮ್ಮಡಿಗೆ ಪಟ್ಟಿ, ಎಲ್ಲಿಯೂ ಮೊಳೆಯಿಲ್ಲ, ಇಷ್ಟಿದ್ದರೆ ಉತ್ತಮ. ಹಾಕಿಕೊಳ್ಳುವ ಮುನ್ನ ಒಳಗೆ ಕಲ್ಲುಹರಳು ಸೇರಿದೆಯೇ ಎಂದು ನೋಡಬೇಕು.

ಹುಣ್ಣಾಯಿತೆಂದುಕೊಳ್ಳೋಣ. ತೊಳೆದು, ಶುಚಿಯಾದ ಬಟ್ಟೆ ಕಟ್ಟಿದ ಬಳಿಕ ಮುಖ್ಯ ಔಷಧಿ ಒಂದೇ: ಆ ಕಾಲನ್ನು ನೆಲಕ್ಕೆ ಊರದಿರುವುದು. ಕೀವು, ದುರ್ವಾಸನೆ ಅಥವಾ ಜ್ವರ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ನಡೆಯಬೇಡ ಎಂದು ಹೇಳುವುದು ನಮಗೆ ಬಹಳ ಸುಲಭ. ದಿನಗೂಲಿಯವನಿಗೆ ವಾರಗಟ್ಟಲೆ ಕೂರುವುದೆಂದರೆ ಒಲೆ ಉರಿಯದಿರುವುದೆಂದೇ ಅರ್ಥ. ಮುಲಾಮಿನ ಡಬ್ಬಿಗೆ ದುಡ್ಡು ಕೊಡುವ ಉದಾರಿಗಳು ಎಲ್ಲೆಡೆಯೂ ಸಿಗುತ್ತಾರೆ. ಮೂರು ವಾರದ ಅಕ್ಕಿಯನ್ನು ಆ ಮನೆಗೆ ಮುಟ್ಟಿಸುವವರು ವಿರಳ. ನನ್ನ ತಿಳುವಳಿಕೆಯಲ್ಲಿ ಆ ಅಕ್ಕಿಯೂ ಹುಣ್ಣಿನ ಚಿಕಿತ್ಸೆಯೇ. ನಮ್ಮ ಧರ್ಮಕೇಂದ್ರದ ಸಂಘಗಳು ಇದನ್ನು ದಯವಿಟ್ಟು ಆಲೋಚಿಸಬೇಕು.

ಕುಷ್ಠರೋಗ ನಮ್ಮ ಮನೆಗೆ ಬಾರದೆಂದು ನಿಶ್ಚಿಂತರಾಗಿರುವವರಿಗೂ ಒಂದು ಮಾತು. ಸಕ್ಕರೆ ಕಾಯಿಲೆಯೂ ಪಾದದ ನರಗಳನ್ನು ಹೀಗೆಯೇ ಮರಗಟ್ಟಿಸುತ್ತದೆ. ಪ್ರತಿದಿನ ಪಾದ ನೋಡುವುದು, ತಕ್ಕ ಚಪ್ಪಲಿ ಧರಿಸುವುದು ಅವರಿಗೂ ಅನ್ವಯಿಸುತ್ತದೆ. ಆದರೆ ಅವರು ಪಾದವನ್ನು ನೀರಿನಲ್ಲಿ ನೆನೆಹಾಕಬಾರದು. ತೊಳೆದು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಬೇಕು. ಸಂದಿನಲ್ಲಿ ಎಣ್ಣೆ ಉಳಿಯಬಾರದು. ಆಣಿಯನ್ನು ತಾವೇ ಉಜ್ಜದೆ ಆಸ್ಪತ್ರೆಯಲ್ಲಿ ತೋರಿಸಬೇಕು.

ಮಚ್ಚೆಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಹಾಲಿನಂತೆ ಬೆಳ್ಳಗಾಗುವ ತೊನ್ನಿಗೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ತೊನ್ನು ಅಂಟುವುದಿಲ್ಲ, ಅಲ್ಲಿ ಸ್ಪರ್ಶಜ್ಞಾನವೂ ಉಳಿದಿರುತ್ತದೆ. ಆ ಕಾರಣಕ್ಕೆ ಹೆಣ್ಣುಮಕ್ಕಳ ಮದುವೆ ಮುರಿಯುವುದು ಅನ್ಯಾಯ. ಮಂಕಾಗಿ ಬಿಳಿಚಿದ ಅಥವಾ ಕೆಂಪಗಾದ, ಮುಟ್ಟಿದರೆ ಅರಿವಾಗದ ಮಚ್ಚೆಯಿದ್ದರೆ ಕುಷ್ಠವೇ ಎಂದು ಪರೀಕ್ಷಿಸಬೇಕು. ನರಕ್ಕೆ ಪೆಟ್ಟು ಬೀಳುವ ಮೊದಲೇ ಗುರುತಿಸಿದರೆ ನಾನು ಇದುವರೆಗೆ ಹೇಳಿದ ಬೇಸಿನ್ನು, ಕಲ್ಲು, ಎಣ್ಣೆ ಯಾವುದೂ ಬೇಕಾಗದೆ ಹೋಗಬಹುದು.

ಸಭೆ ಮುಗಿದ ಮೇಲೆ ನಾವು ಇಬ್ಬರು ದಾದಿಯರು ಶಾಲೆಯ ಹಿಂದಿನ ಕೋಣೆಯಲ್ಲಿ ಕುಳಿತಿರುತ್ತೇವೆ. ಮಚ್ಚೆಯನ್ನಾಗಲಿ ಪಾದವನ್ನಾಗಲಿ ತೋರಿಸಬಯಸುವವರು ಒಬ್ಬೊಬ್ಬರಾಗಿ ಬರಬಹುದು. ಬಾಗಿಲು ಮುಚ್ಚಿಯೇ ನೋಡುತ್ತೇವೆ. ಬರುವಾಗ ತಾವು ದಿನವೂ ತೊಡುವ ಚಪ್ಪಲಿಯಲ್ಲೇ ಬನ್ನಿ, ಅದನ್ನೂ ನೋಡಬೇಕಾಗಿದೆ.